ಹಳೇ ಪಿಕಪ್‌ಗೆ ಮನೆಯಲ್ಲೇ ರಿಪೇರಿ: ಸಾಮಾನು ಕೊಳ್ಳುವ ಮೊದಲು ಅಳೆದು ನೋಡಿ

ಪ್ರಶ್ನೆ: ನನ್ನ ಬಳಿ 22 ವರ್ಷ ಹಳೆಯ ಡೀಸೆಲ್ ಪಿಕಪ್ ಇದೆ. 4 ಸಿಲಿಂಡರ್, ಮೆಕ್ಯಾನಿಕಲ್ ಪಂಪ್, ಮ್ಯಾನುಯಲ್ ಗೇರ್, ಹಿಂದೆ ಲೀಫ್ ಸ್ಪ್ರಿಂಗ್. 2.6 ಲಕ್ಷ ಕಿ.ಮೀ. ಓಡಿದೆ. ಸೆಕೆಂಡ್ ಹ್ಯಾಂಡ್ ಕೊಂಡಿದ್ದು, ಹಿಂದಿನ ಸರ್ವಿಸ್ ದಾಖಲೆ ಯಾವುದೂ ಸಿಕ್ಕಿಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗಬೇಕಾದರೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು, ಬಿಳಿ ಹೊಗೆ ಬರುತ್ತದೆ. ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ತೊಂದರೆ ಇಲ್ಲ. ಲೋಡ್ ಹಾಕಿ ಏರು ಹತ್ತಿದರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಬ್ರೇಕ್ ಒತ್ತಿದರೆ ಸ್ವಲ್ಪ ಎಡಕ್ಕೆ ಎಳೆಯುತ್ತದೆ. ಸಿಲಿಂಡರ್‌ಗೆ ಡೀಸೆಲ್ ಚಿಮ್ಮುವ ನಾಲ್ಕೂ ಇಂಜೆಕ್ಟರ್ ಬದಲಿಸಿ ಎಂದು ಒಬ್ಬರು, ರೇಡಿಯೇಟರ್‌ಗೆ ಹೋಗುವ ನೀರನ್ನು ತಡೆದು ಬಿಡುವ ಥರ್ಮೋಸ್ಟಾಟ್ ಕಿತ್ತುಹಾಕಿ ಎಂದು ಇನ್ನೊಬ್ಬರು ಹೇಳಿದ್ದಾರೆ. ವಾರಕ್ಕೊಂದು ದಿನ ಬಿಡುವಿದೆ, ಸಾಧಾರಣ ಸ್ಪ್ಯಾನರ್ ಸೆಟ್ ಇದೆ. ಎಲ್ಲಿಂದ ಶುರು ಮಾಡಲಿ? ನಾನೇ ಎಷ್ಟು ಮಾಡಿಕೊಳ್ಳಬಹುದು?

ಉತ್ತರ: ನೀವು ಮೂರು ತೊಂದರೆ ಬರೆದಿದ್ದೀರಿ. ಮೊದಲು ಸ್ಟಾರ್ಟಿಂಗ್, ಆಮೇಲೆ ಬಿಸಿ, ಕೊನೆಗೆ ಬ್ರೇಕ್. ಕೆಲಸವನ್ನು ಇದರ ತಿರುಗುಮುರುಗಿನಲ್ಲಿ ಹಿಡಿಯಿರಿ. ಸ್ಟಾರ್ಟ್ ಆಗದ ಗಾಡಿ ನಿಂತಲ್ಲೇ ಇರುತ್ತದೆ, ಯಾರಿಗೂ ಏನೂ ಮಾಡುವುದಿಲ್ಲ. ನಿಲ್ಲದ ಗಾಡಿಯ ಮಾತು ಬೇರೆ. ಹಾಗಾಗಿ ಬ್ರೇಕ್ ಮೊದಲು, ಕೂಲಿಂಗ್ ಎರಡನೆಯದು, ಸ್ಟಾರ್ಟಿಂಗ್ ಕೊನೆಗೆ. ಇನ್ನೊಂದು ಮಾತು: ನಿಮಗೆ ಸಲಹೆ ಕೊಟ್ಟ ಇಬ್ಬರೂ ಗಾಡಿಯ ಮೇಲೆ ಒಂದು ಮೀಟರನ್ನೂ ಇಡದೆ ಹೇಳಿದ್ದಾರೆ. ಹಳೇ ಗಾಡಿ ಇಟ್ಟುಕೊಂಡವರ ದುಡ್ಡು ಹೆಚ್ಚಾಗಿ ಪೋಲಾಗುವುದು ಇಂಥ ಊಹೆಯಲ್ಲೇ. ಒಂದು ಮಲ್ಟಿಮೀಟರ್, ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್, ಒಂದು ಗೇಣುದ್ದದ ಪಾರದರ್ಶಕ ಪೈಪು ಇದ್ದರೆ ನೀವು ಹೇಳಿದ ಮೂರೂ ತೊಂದರೆಯ ಮೂಲವನ್ನು ಮನೆಯಲ್ಲೇ ಹುಡುಕಬಹುದು.

ಅದಕ್ಕೂ ಮೊದಲು ಎರಡು ವಿಷಯ ನೋಡಿ. ಇವೆರಡರಲ್ಲಿ ಒಂದು ಕೈಕೊಟ್ಟರೂ ಉಳಿದ ರಿಪೇರಿಗೆ ಅರ್ಥವಿರುವುದಿಲ್ಲ.

ಮೊದಲನೆಯದು ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು. ಗಾಡಿಯ ಕೆಳಗೆ ಟಾರ್ಚ್ ಮತ್ತು ಸಣ್ಣ ಸುತ್ತಿಗೆ ಹಿಡಿದು ಹೋಗಿ, ಉದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಕಣಕಣ ಎನ್ನುತ್ತದೆ. ಒಳಗೇ ತುಕ್ಕು ತಿಂದಿದ್ದರೆ ಸದ್ದು ಸತ್ತಂತೆ ಬರುತ್ತದೆ, ಹಾಳೆಹಾಳೆಯಾಗಿ ಉದುರುತ್ತದೆ. ಹಿಂದಿನ ಲೀಫ್ ಸ್ಪ್ರಿಂಗ್ ಬ್ರ್ಯಾಕೆಟ್‌ಗಳು ಸೇರುವ ಜಾಗ, ಹಿಂದಿನ ಆಕ್ಸಲ್‌ನ ಮೇಲಿನ ಬಾಗು, ಸ್ಟೆಪ್ನಿ ನೇತುಹಾಕುವ ಜಾಗ, ಈ ಮೂರನ್ನು ಎರಡು ಸಲ ನೋಡಿ. ಡಬ್ಬಿಯ ಹಾಗೆ ಮುಚ್ಚಿರುವ ಚಾಸಿ ಒಳಗಿನಿಂದ ತುಕ್ಕು ಹಿಡಿಯುತ್ತದೆ. ನೀರು ಇಳಿಯಲೆಂದು ಬಿಟ್ಟ ತೂತುಗಳು ಮಣ್ಣು ಕಟ್ಟಿ ಮುಚ್ಚಿದ್ದರೆ ಒಳಗೆ ಸದಾ ಒದ್ದೆ. ಮೇಲ್ಮೈಯ ಕೆಂಪು ತುಕ್ಕಿಗೆ ಹೆದರಬೇಡಿ, ತಂತಿ ಬ್ರಷ್‌ನಲ್ಲಿ ಉಜ್ಜಿ ಬಣ್ಣ ಹಚ್ಚಿದರೆ ಸಾಕು. ಸ್ಕ್ರೂಡ್ರೈವರ್ ಒತ್ತಿದರೆ ಒಳಗಿಳಿಯುತ್ತದೆ ಎಂದಾದರೆ ಮಾತ್ರ ಗಾಡಿಯನ್ನು ಅಲ್ಲಿಗೇ ನಿಲ್ಲಿಸಿ, ಚಾಸಿ ವೆಲ್ಡಿಂಗ್ ಬಲ್ಲವರಿಗೆ ತೋರಿಸಿ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಎರಡನೆಯದು ಟೈಮಿಂಗ್, ಅಂದರೆ ವಾಲ್ವ್‌ಗಳು ಪಿಸ್ಟನ್ ಓಟಕ್ಕೆ ಸರಿಯಾಗಿ ತೆರೆದು ಮುಚ್ಚುವಂತೆ ಮಾಡುವ ಏರ್ಪಾಡು. ನಿಮ್ಮ ಎಂಜಿನ್‌ನ ಟೈಮಿಂಗ್ ಬೆಲ್ಟ್‌ನದೋ, ಚೈನ್‌ನದೋ, ಗೇರ್‌ನದೋ ಎಂದು ಮ್ಯಾನುಯಲ್ ನೋಡಿ ತಿಳಿದುಕೊಳ್ಳಿ. ಬೆಲ್ಟ್ ಆಗಿದ್ದು, ಯಾವಾಗ ಬದಲಿಸಿದ್ದು ಎಂಬುದಕ್ಕೆ ದಾಖಲೆ ಇಲ್ಲದಿದ್ದರೆ, ಬದಲಿಸಿಲ್ಲ ಎಂದೇ ತಿಳಿಯಿರಿ. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್‌ಗೂ ವಾಲ್ವ್‌ಗೂ ನಡುವೆ ಜಾಗ ಬಹಳ ಕಡಿಮೆ. ಓಡುವಾಗ ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಬೆಲ್ಟ್ ಜೊತೆಗೆ ಟೆನ್ಷನರ್ ಬೇರಿಂಗನ್ನೂ ಬದಲಿಸಬೇಕು. ವಾಟರ್ ಪಂಪ್ ಅದೇ ಬೆಲ್ಟ್‌ನಿಂದ ತಿರುಗುವಂತಿದ್ದರೆ ಅದನ್ನೂ ಆಗಲೇ ಮುಗಿಸಿ. ಟೈಮಿಂಗ್ ಗುರುತು ಕೂಡಿಸಿ ಅಭ್ಯಾಸವಿಲ್ಲದಿದ್ದರೆ ಇದನ್ನು ಬಲ್ಲವರ ಕೈಗೆ ಕೊಡಿ.

ಇನ್ನು ಗಾಡಿಯ ಕೆಳಗೆ ಹೋಗುವ ವಿಚಾರ. ಜಾಕ್ ಇರುವುದು ಎತ್ತಲಿಕ್ಕೆ, ಎತ್ತಿಹಿಡಿಯಲಿಕ್ಕಲ್ಲ. ನೆಲ ಸಮತಟ್ಟಾಗಿರಲಿ, ಗಟ್ಟಿಯಿರಲಿ. ನೆಲದ ಮೇಲಿರುವ ಗಾಲಿಗಳ ಹಿಂದೆ ಮುಂದೆ ಮರದ ದಿಮ್ಮಿ ಕೊಡಿ. ಎತ್ತಿದ ಮೇಲೆ ಚಾಸಿ ಅಥವಾ ಆಕ್ಸಲ್ ಅಡಿಗೆ ಸ್ಟ್ಯಾಂಡ್ ಇಟ್ಟು, ಭಾರವನ್ನು ಅದರ ಮೇಲೆ ಇಳಿಸಿ, ಗಾಡಿಯನ್ನು ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿ. ಬೀಳುವುದಿದ್ದರೆ ನೀವು ಹೊರಗಿದ್ದಾಗ ಬೀಳಲಿ. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್ ಕೊಡಲೇಬೇಡಿ. ಅವು ಬಿರುಕು ಬಿಡುವಾಗ ಮುನ್ಸೂಚನೆ ಕೊಡುವುದಿಲ್ಲ. ಇದೊಂದರಲ್ಲಿ ದಯವಿಟ್ಟು ಉಳಿತಾಯ ನೋಡಬೇಡಿ.

ಈಗ ಬ್ರೇಕ್. ಒತ್ತಿದಾಗ ಎಡಕ್ಕೆ ಎಳೆಯುತ್ತದೆ ಎಂದರೆ ಎರಡರಲ್ಲಿ ಒಂದು: ಎಡಗಡೆ ಹೆಚ್ಚು ಹಿಡಿಯುತ್ತಿದೆ, ಇಲ್ಲವೇ ಬಲಗಡೆ ಹಿಡಿಯುತ್ತಲೇ ಇಲ್ಲ. ಬಹಳ ಜನ ಎಳೆಯುವ ಕಡೆಯನ್ನೇ ಬಿಚ್ಚಿ ಕೂರುತ್ತಾರೆ, ಅರ್ಧದಷ್ಟು ಸಲ ತಪ್ಪು ಅದರ ಎದುರುಗಡೆ ಇರುತ್ತದೆ. ಮೊದಲು ಟೈರ್‌ಗಳ ಗಾಳಿ ಸಮ ಮಾಡಿ. ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಓಡಿಸಿ, ತಾನಾಗಿ ನಿಲ್ಲಲು ಬಿಟ್ಟು, ನಾಲ್ಕೂ ಗಾಲಿಯ ಡಿಸ್ಕ್ ಅಥವಾ ಡ್ರಮ್‌ನ ಬಿಸಿ ಅಳೆದು ಬರೆದುಕೊಳ್ಳಿ. ಆಮೇಲೆ ಐದಾರು ಸಲ ಸಾಧಾರಣವಾಗಿ ಬ್ರೇಕ್ ಹಾಕಿ ಮತ್ತೆ ಅಳೆಯಿರಿ. ಬ್ರೇಕ್ ಹಾಕದೆಯೇ ಎಡ ಬಿಸಿಯಾಗಿದ್ದರೆ ಎಡಗಡೆ ಕಚ್ಚಿಕೊಂಡಿದೆ. ಬ್ರೇಕ್ ಹಾಕಿದ ಮೇಲೂ ಬಲ ತಣ್ಣಗಿದ್ದರೆ ಬಲಗಡೆ ಕೆಲಸ ಮಾಡುತ್ತಿಲ್ಲ.

ಕಚ್ಚಿಕೊಂಡಿದ್ದರೆ ಗಾಲಿ ಎತ್ತಿ, ಯಾರಾದರೂ ಪೆಡಲ್ ಒತ್ತಿ ಬಿಡಲಿ. ನೀವು ಗಾಲಿ ತಿರುಗಿಸಿ. ಬಿಗಿಯಾಗಿಯೇ ಇದ್ದರೆ ಕ್ಯಾಲಿಪರ್‌ನ (ಪ್ಯಾಡ್‌ಗಳಿಂದ ಡಿಸ್ಕ್ ಹಿಡಿಯುವ ಭಾಗ) ಬ್ಲೀಡರ್ ನಿಪ್ಪಲ್ (ಏರ್ ತೆಗೆಯುವ ಪುಟ್ಟ ಸ್ಕ್ರೂ) ಅರ್ಧ ಸುತ್ತು ಸಡಿಲಿಸಿ. ಎರಡು ಹನಿ ಎಣ್ಣೆ ಹೊರಬಂದು ಗಾಲಿ ಸಲೀಸಾಯಿತೆಂದರೆ ಕ್ಯಾಲಿಪರ್ ಸರಿಯಿದೆ, ಎಣ್ಣೆ ವಾಪಸ್ ಹೋಗಲು ದಾರಿ ಇಲ್ಲ. ಹೆಚ್ಚಾಗಿ ರಬ್ಬರ್ ಹೋಸ್ ಒಳಗೇ ಕಟ್ಟಿಕೊಂಡಿರುತ್ತದೆ. ನಿಪ್ಪಲ್ ಬಿಚ್ಚಿದರೂ ಸಡಿಲವಾಗದಿದ್ದರೆ ಪಿಸ್ಟನ್ ತುಕ್ಕು ಹಿಡಿದಿದೆ, ಅಥವಾ ಕ್ಯಾಲಿಪರ್ ಜಾರುವ ಪಿನ್‌ಗಳು ಒಣಗಿವೆ.

ಈ ಹೋಸ್ ವಿಷಯ ನಾನು ಕಲಿತಿದ್ದು ನನ್ನದೇ ಗಾಡಿಯಲ್ಲಿ. ಬಲಕ್ಕೆ ಎಳೆಯುತ್ತಿತ್ತು. ವೀಲ್ ಅಲೈನ್‌ಮೆಂಟ್ ಎರಡು ಸಲ ಆಯಿತು, ಕ್ಯಾಲಿಪರ್ ಕಿಟ್ ಹಾಕಿಸಿದ್ದೂ ಆಯಿತು. ಕೊನೆಗೆ ಹೋಸ್ ಬದಲಿಸಿದ ಮೇಲೆ ಹಳೆಯದನ್ನು ಬ್ಲೇಡ್‌ನಿಂದ ಉದ್ದಕ್ಕೆ ಸೀಳಿ ನೋಡಿದೆ. ಹೊರಗೆ ಒಂದು ಬಿರುಕಿಲ್ಲ, ಕಪ್ಪಗೆ ಹೊಳೆಯುತ್ತಿತ್ತು. ಒಳಗಿನ ಪದರ ಮಾತ್ರ ಎದ್ದು ಕಿರುಬೆರಳ ಉಗುರಿನಷ್ಟು ನಾಲಿಗೆಯ ಹಾಗೆ ಬಾಗಿ ನಿಂತಿತ್ತು. ಪೆಡಲ್ ಒತ್ತಿದಾಗ ಎಣ್ಣೆ ಅದನ್ನು ತಳ್ಳಿ ಒಳಗೆ ಹೋಗುತ್ತದೆ. ಬಿಟ್ಟಾಗ ಅದೇ ನಾಲಿಗೆ ಬಾಗಿಲು ಮುಚ್ಚುತ್ತದೆ. ಎರಡು ದಶಕ ದಾಟಿದ ಗಾಡಿಯಲ್ಲಿ ಮುಂದಿನ ಎರಡು, ಹಿಂದಿನ ಒಂದು ರಬ್ಬರ್ ಹೋಸನ್ನು ಕಣ್ಣುಮುಚ್ಚಿ ಬದಲಿಸಿ ಎಂದು ಅವತ್ತಿನಿಂದ ಹೇಳುತ್ತಿದ್ದೇನೆ. ಅಳೆಯದೆ ಬದಲಿಸಿ ಎಂದು ನಾನು ಹೇಳುವುದು ಟೈಮಿಂಗ್ ಬೆಲ್ಟ್ ಮತ್ತು ಇದು, ಎರಡನ್ನೇ.

ಬಲಗಡೆ ತಣ್ಣಗಿದ್ದರೆ ಪ್ಯಾಡ್‌ಗೆ ಗ್ರೀಸ್ ಅಥವಾ ಎಣ್ಣೆ ತಾಗಿದೆಯೇ ನೋಡಿ. ತಾಗಿದ್ದರೆ ತೊಳೆದು ಹಾಕುವ ಯೋಚನೆ ಬೇಡ, ಎರಡೂ ಗಾಲಿಯ ಪ್ಯಾಡ್ ಒಟ್ಟಿಗೆ ಬದಲಿಸಿ. ಹಿಂದಿನ ಡ್ರಮ್ ಬಿಚ್ಚುವಾಗ ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿ. ಸ್ಪ್ರಿಂಗ್ ಯಾವ ತೂತಿನಲ್ಲಿತ್ತು ಎಂದು ಮರೆತಾಗ ಬಿಚ್ಚದ ಬದಿಯೇ ನಿಮ್ಮ ಪಾಠಪುಸ್ತಕ. ಡ್ರಮ್‌ನೊಳಗಿನ ಧೂಳನ್ನು ಊದಬೇಡಿ. ಹಳೆಯ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ನೀರು ಸಿಂಪಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಿಂದಿನ ಡ್ರಮ್‌ನೊಳಗಿನ ಬ್ರೇಕ್ ಶೂಗಳು ಗೇರ್ ಎಣ್ಣೆಯಲ್ಲಿ ನೆನೆದಿದ್ದರೆ ಆಕ್ಸಲ್ ಸೀಲ್ ಸೋರುತ್ತಿದೆ. ಸೀಲ್ ಬದಲಿಸುವ ಮೊದಲು ಆಕ್ಸಲ್ ಹೌಸಿಂಗ್ ಮೇಲಿರುವ ಪುಟ್ಟ ಬ್ರೀದರ್ ಹುಡುಕಿ. ಓಡುವಾಗ ಹೌಸಿಂಗ್ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಬ್ರೀದರ್ ಮಣ್ಣಿನಿಂದ ಮುಚ್ಚಿದ್ದರೆ ಆ ಒತ್ತಡ ಎಣ್ಣೆಯನ್ನು ಸೀಲ್ ದಾಟಿಸಿ ಬ್ರೇಕ್ ಮೇಲೆ ತಳ್ಳುತ್ತದೆ. ಬ್ರೀದರ್ ಸ್ವಚ್ಛ ಮಾಡದೆ ಹೊಸ ಸೀಲ್ ಹಾಕಿದರೆ ಅದೂ ಸೋರುತ್ತದೆ.

ಬ್ರೇಕ್ ಆಯಿಲ್ ಹೇಗೂ ಬದಲಿಸಿ. ಅದು ಗಾಳಿಯಿಂದ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ತೇವ ಹೀರಿದ ಮೇಲೆ ಅದರ ಮಿತಿ 155. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140. ಲೋಡ್ ಹಾಕಿ ಇಳಿಜಾರು ಇಳಿಯುವ ಗಾಡಿಗೆ ಈ ವ್ಯತ್ಯಾಸ ದೊಡ್ಡದು. ಎಣ್ಣೆ ಕುದಿದರೆ ಆವಿ ಹುಟ್ಟಿ ಪೆಡಲ್ ನೆಲಕ್ಕೆ ಹೋಗುತ್ತದೆ. ಲೈನಿನೊಳಗಿನ ಏರ್ ತೆಗೆಯುವಾಗ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ನಿಂದ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಭಾಗ) ದೂರದ ಗಾಲಿಯಿಂದ ಶುರು. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಲೋಡ್‌ಗೆ ತಕ್ಕಂತೆ ಬ್ರೇಕ್ ಒತ್ತಡ ಹೊಂದಿಸುವ ವಾಲ್ವ್ ಇರುತ್ತದೆ, ಕೆಲವಕ್ಕೆ ಅದರದೇ ನಿಪ್ಪಲ್ ಉಂಟು, ಮರೆಯಬೇಡಿ. ಮತ್ತೊಂದು: ಪೆಡಲ್ ಅಡಿಗೆ ಮರದ ತುಂಡಿಟ್ಟು ಅರ್ಧದಷ್ಟು ಮಾತ್ರ ಒತ್ತುವಂತೆ ಮಾಡಿಕೊಳ್ಳಿ. ದಿನನಿತ್ಯದ ಓಟದಲ್ಲಿ ಮಾಸ್ಟರ್ ಸಿಲಿಂಡರ್‌ನ ಸೀಲ್ ತಲುಪದ ಕೊನೆಯ ಭಾಗದಲ್ಲಿ ತುಕ್ಕು ಕೂತಿರುತ್ತದೆ. ಪೆಡಲನ್ನು ನೆಲಕ್ಕೆ ಒತ್ತಿದರೆ ಸೀಲ್ ಆ ತುಕ್ಕಿನ ಮೇಲೆ ಉಜ್ಜಿ ಹರಿಯುತ್ತದೆ. ಏರ್ ತೆಗೆದ ಮಾರನೇ ದಿನ ಮಾಸ್ಟರ್ ಸಿಲಿಂಡರ್ ಹೋಯಿತು ಎನ್ನುವವರ ಕಥೆ ಬಹುತೇಕ ಇದೇ. ಬ್ರೇಕ್ ಆಯಿಲ್ ಬಣ್ಣ ಕಿತ್ತುಹಾಕುತ್ತದೆ, ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಎರಡನೆಯದು ಬಿಸಿ. ನಿಂತಾಗ, ಗಾಡಿ ಸಾಲಿನಲ್ಲಿ ತೆವಳುವಾಗ ಮುಳ್ಳು ಏರಿದರೆ ಫ್ಯಾನ್ ಮೇಲೆ ಅನುಮಾನ. ಓಡುವಾಗ ಲೋಡ್ ಬಿದ್ದರೆ ಏರುವುದು, ನಿಮ್ಮ ಗಾಡಿಯ ಹಾಗೆ, ಹೆಚ್ಚಾಗಿ ರೇಡಿಯೇಟರ್ ತನ್ನ ಪಾಲಿನ ಬಿಸಿ ಹೊರಹಾಕುತ್ತಿಲ್ಲ ಎಂಬ ಸೂಚನೆ. ಆದರೆ ನಿಧಾನವಾಗಿ ಏರು ಹತ್ತುವಾಗ ಎದುರು ಗಾಳಿ ಕಡಿಮೆ ಇರುವುದರಿಂದ ಫ್ಯಾನನ್ನೂ ನೋಡಲೇಬೇಕು. ಕಚ್ಚಿಕೊಂಡ ಬ್ರೇಕ್ ಕೂಡ ಎಂಜಿನ್‌ಗೆ ಹೊರೆಯೇ. ಬ್ರೇಕ್ ಸರಿಮಾಡಿದ ಮೇಲೆ ಅದೇ ಏರು ಮತ್ತೊಮ್ಮೆ ಹತ್ತಿ ನೋಡಿ, ಮುಳ್ಳು ಎಷ್ಟು ಇಳಿಯಿತು ಎಂದು ಗುರುತಿಟ್ಟುಕೊಳ್ಳಿ.

ಥರ್ಮೋಸ್ಟಾಟ್ ಕೀಳಬೇಡಿ. ಅದಿಲ್ಲದೆ ಎಂಜಿನ್ ತನ್ನ ಶಾಖಕ್ಕೆ ಬರುವುದು ತಡವಾಗುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಸವೆಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎಷ್ಟೋ ಡೀಸೆಲ್ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್‌ಗೆ ಎರಡು ಕೆಲಸ. ರೇಡಿಯೇಟರ್ ಕಡೆಯ ದಾರಿ ತೆರೆಯುವಾಗಲೇ ಕೆಳಗಿನ ತಟ್ಟೆಯಿಂದ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಒಂದಷ್ಟು ಬಿಸಿನೀರು ರೇಡಿಯೇಟರ್ ಮುಟ್ಟದೆ ಮತ್ತೆ ಎಂಜಿನ್‌ಗೇ ಸುತ್ತುತ್ತದೆ. ತಣ್ಣಗಾಗಲಿ ಎಂದು ಕಿತ್ತ ಗಾಡಿ ಏರಿನಲ್ಲಿ ಇನ್ನಷ್ಟು ಕಾಯುವುದು ಇದರಿಂದಲೇ. ಬಿಚ್ಚಿ ಪರೀಕ್ಷಿಸಿ: ಪಾತ್ರೆಯ ನೀರಿನಲ್ಲಿ ತಳ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೇ ತೆರೆಯುವ ಡಿಗ್ರಿ ಕೊರೆದಿರುತ್ತದೆ, ಸಾಮಾನ್ಯವಾಗಿ 80ರ ಆಸುಪಾಸು. ಆ ಅಂಕಿಯ ಹತ್ತಿರ ತೆರೆಯಲು ಶುರುಮಾಡಿ, ನೀರು ಕುದಿಯುವುದರೊಳಗೆ ಪೂರ್ತಿ ತೆರೆಯಬೇಕು.

ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದರೆ ಅದೇ ನೀರು 120ರ ತನಕ ತಡೆಯುತ್ತದೆ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ, ಸ್ಪ್ರಿಂಗ್ ಸೋತಿದ್ದರೆ ಆ 20 ಡಿಗ್ರಿಯ ಅವಕಾಶವೇ ಹೋಯಿತು. ಬಿಸಿ ಎಂಜಿನ್‌ನ ಮುಚ್ಚಳ ಮಾತ್ರ ಎಂದೂ ತೆರೆಯಬೇಡಿ. ಮೇಲಿನ ಹೋಸ್ ಹಿಚುಕಿದರೆ ಮೆತ್ತಗಿರಬೇಕು, ಆಗಷ್ಟೇ ತೆರೆಯಿರಿ.

ಮುಂದೆ ರೇಡಿಯೇಟರ್‌ನ ಹೊರಮೈ. ಎಸಿ ಇದ್ದರೆ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಇರುವ ಸಂದಿಯಲ್ಲಿ ಹುಳು, ಹೊಟ್ಟು, ಧೂಳು ಸೇರಿ ಕಂಬಳಿ ಕಟ್ಟಿದಂತಾಗಿರುತ್ತದೆ, ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ. ಎಂಜಿನ್ ಕಡೆಯಿಂದ ಹೊರಕ್ಕೆ ಸಾಧಾರಣ ಒತ್ತಡದ ನೀರು ಬಿಡಿ. ಜೋರು ಒತ್ತಡದಲ್ಲಿ ಹೊಡೆದರೆ ರೆಕ್ಕೆಗಳು ಮಡಚಿ ಗಾಳಿಯ ದಾರಿ ಮುಚ್ಚುತ್ತವೆ. ಒಳಮೈಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸಿ. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ರೇಡಿಯೇಟರ್ ಮೈಮೇಲೆ ಅಡ್ಡಡ್ಡ ಅಳೆಯುತ್ತಾ ಬನ್ನಿ. ಬಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಇಳಿಯುತ್ತಾ ಹೋಗಬೇಕು. ನಡುವೆ ತಟ್ಟನೆ ತಣ್ಣನೆಯ ತೇಪೆ ಸಿಕ್ಕರೆ ಅಲ್ಲಿನ ನಳಿಗೆಗಳು ಕಟ್ಟಿವೆ.

ಫ್ಯಾನ್ ನಡುವೆ ದಪ್ಪ ತಟ್ಟೆಯಂಥ ವಿಸ್ಕಸ್ ಕ್ಲಚ್ ಇದ್ದರೆ, ಬಿಸಿ ಎಂಜಿನ್ ಆಫ್ ಮಾಡಿ, ಬೀಗದಕೈ ತೆಗೆದಿಟ್ಟುಕೊಂಡು ಫ್ಯಾನನ್ನು ಕೈಯಿಂದ ತಿರುಗಿಸಿ. ಜಿಗುಟಾಗಿ ತಡೆಯಬೇಕು. ಗಿರಗಿರನೆ ಹಲವು ಸುತ್ತು ತಿರುಗಿದರೆ ಕ್ಲಚ್ ಸತ್ತಿದೆ. ಇಷ್ಟೆಲ್ಲ ಸರಿಯಿದ್ದೂ ಬಿಸಿಯಾದರೆ, ತಣ್ಣಗಿರುವ ಎಂಜಿನ್‌ನ ಮುಚ್ಚಳ ತೆರೆದು ಸ್ಟಾರ್ಟ್ ಮಾಡಿ. ಒಳಗಿನ ಗಾಳಿ ಹೋಗಿಬಿಟ್ಟ ಮೇಲೂ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಸಿಲಿಂಡರ್ ಹೆಡ್‌ಗೂ ಬ್ಲಾಕ್‌ಗೂ ನಡುವಿನ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಬರುತ್ತದೆ. ಕೂಲಂಟ್ ಹೊಸದಾಗಿ ತುಂಬುವಾಗ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ನೀರು. ಗಡಸು ನೀರು ಒಳಗೆ ಸುಣ್ಣ ಕಟ್ಟುತ್ತದೆ. ತೆಗೆದ ಹಳೇ ಕೂಲಂಟನ್ನು ತೆರೆದಿಡಬೇಡಿ. ಸಿಹಿಯಾಗಿರುತ್ತದೆ, ಮಕ್ಕಳಿಗೂ ಪ್ರಾಣಿಗಳಿಗೂ ವಿಷ.

ಇನ್ನು ಬೆಳಗಿನ ಸ್ಟಾರ್ಟಿಂಗ್. ನೀವು ಬಿಳಿ ಹೊಗೆ ಎಂದು ಬರೆದಿದ್ದೇ ದೊಡ್ಡ ಸುಳಿವು. ಸೆಲ್ಫ್ ಹೊಡೆಯುವಾಗ ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರ್‌ಗೆ ತಲುಪುತ್ತಿಲ್ಲ. ಬಿಳಿ ಹೊಗೆ ಬಂದರೆ ತಲುಪುತ್ತಿದೆ, ಉರಿಯುತ್ತಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ, ಒತ್ತಿದ ಗಾಳಿಯ ಶಾಖವೇ ಬೆಂಕಿ. ಶಾಖ ಯಾಕೆ ಸಾಲುತ್ತಿಲ್ಲ ಎಂಬುದೇ ನಮ್ಮ ಪ್ರಶ್ನೆ. ಎಂಜಿನ್ ನಿಧಾನವಾಗಿ ತಿರುಗಿದರೆ ಸಾಲುವುದಿಲ್ಲ, ಸಿಲಿಂಡರ್ ಒಳಗನ್ನು ಮೊದಲೇ ಕಾಯಿಸುವ ಹೀಟರ್ ಪ್ಲಗ್ ಸತ್ತಿದ್ದರೆ ಸಾಲುವುದಿಲ್ಲ, ಕಂಪ್ರೆಷನ್, ಅಂದರೆ ಆ ಒತ್ತಿದ ಗಾಳಿ, ಸೋರಿದರೆ ಸಾಲುವುದಿಲ್ಲ. ಹೊಗೆಯ ವಾಸನೆಯನ್ನೂ ಗಮನಿಸಿ. ಉರಿಯದ ಡೀಸೆಲ್ ಹೊಗೆ ಕಣ್ಣು ಚುರುಗುಟ್ಟಿಸುತ್ತದೆ. ಸಿಹಿ ವಾಸನೆ ಬಂದು ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ, ಮೇಲೆ ಹೇಳಿದ ಗ್ಯಾಸ್ಕೆಟ್ ಪರೀಕ್ಷೆಗೆ ಹೋಗಿ.

ಮೀಟರ್ ತೆಗೆದುಕೊಳ್ಳಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್, 12.4 ಎಂದರೆ ಮುಕ್ಕಾಲು, 12 ಎಂದರೆ ಹೆಚ್ಚುಕಡಿಮೆ ಬರಿದು. ಸೆಲ್ಫ್ ಹೊಡೆಯುವಾಗ 9.6ರ ಕೆಳಗೆ ಕುಸಿಯಬಾರದು. ಸ್ಟಾರ್ಟ್ ಆದ ಮೇಲೆ 13.8ರಿಂದ 14.5ರ ನಡುವೆ ಇರಬೇಕು. ಇವೆಲ್ಲ ಸರಿಯಿದ್ದೂ ಸೆಲ್ಫ್ ಮಂದವಾಗಿದ್ದರೆ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸಾಗುವ ದಾರಿ, ನೋಡಿ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕ್‌ನ ಬರಿಯ ಲೋಹದ ಮೇಲೆ ಇಟ್ಟು, ಯಾರಾದರೂ ಸೆಲ್ಫ್ ಹೊಡೆಯಲಿ. 0.2 ವೋಲ್ಟ್‌ನ ಒಳಗಿದ್ದರೆ ಒಳ್ಳೆಯದು. ಅರ್ಧ ವೋಲ್ಟ್ ದಾಟಿತೆಂದರೆ ನೆಗೆಟಿವ್ ಕೇಬಲ್ ಅಥವಾ ಎಂಜಿನ್-ಚಾಸಿ ನಡುವಿನ ಹೆಣೆದ ಪಟ್ಟಿ ತುಕ್ಕು ಹಿಡಿದಿದೆ. ಎರಡೂ ತುದಿ ಬಿಚ್ಚಿ ಹೊಳೆಯುವಂತೆ ಉಜ್ಜಿ ಬಿಗಿಮಾಡಿ. ಕೆಲಸಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಹೆಡ್‌ಲೈಟ್ ಹಾಕಿದಾಗ ನಿಮ್ಮ ಟೆಂಪರೇಚರ್ ಮುಳ್ಳು ಅಲುಗಿದರೆ ಅದೂ ಕೆಟ್ಟ ಅರ್ತ್‌ನ ಗುರುತೇ.

ಹೀಟರ್ ಪ್ಲಗ್‌ಗಳ ಮೇಲಿನ ಪಟ್ಟಿ ಬಿಚ್ಚಿ, ಒಂದೊಂದೇ ಪ್ಲಗ್ ತುದಿಯಿಂದ ಬ್ಲಾಕ್‌ಗೆ ಓಮ್ ಅಳೆಯಿರಿ. ಚೆನ್ನಾಗಿರುವ ಪ್ಲಗ್ ಸಾಮಾನ್ಯವಾಗಿ 2 ಓಮ್‌ಗಿಂತ ಕಡಿಮೆ ತೋರಿಸುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಪ್ಲಗ್ ಸುಟ್ಟಿದೆ. ಮೊದಲು ಮೀಟರ್‌ನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ ಬರುವ ಅಂಕಿಯನ್ನು ಕಳೆಯುವುದು ಮರೆಯಬೇಡಿ. ಪ್ಲಗ್ಗಿಗೆ ನೇರ ಬ್ಯಾಟರಿ ಕೊಟ್ಟು ಕೆಂಪಗಾಗುತ್ತದೆಯೇ ನೋಡುವ ಪದ್ಧತಿ ಬೇಡ. ಕೆಲವು ಎಂಜಿನ್‌ಗಳ ಪ್ಲಗ್ 12 ವೋಲ್ಟ್‌ಗಿಂತ ಕಡಿಮೆಯವು, ಕ್ಷಣದಲ್ಲಿ ಸುಟ್ಟುಹೋಗುತ್ತವೆ. ನಾಲ್ಕೂ ಚೆನ್ನಾಗಿದ್ದರೆ, ಬೀಗದಕೈ ತಿರುಗಿಸಿದಾಗ ಆ ಪಟ್ಟಿಗೆ ಕರೆಂಟ್ ಬರುತ್ತಿದೆಯೇ ನೋಡಿ, ಬರದಿದ್ದರೆ ರಿಲೇ ಹೋಗಿದೆ. ಪ್ಲಗ್ ಬಿಚ್ಚುವಾಗ ಎಂಜಿನ್ ಬೆಚ್ಚಗಿರಲಿ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿರಿ. ಬಿಗಿಯಾಗಿ ತಡೆದರೆ ಬಲ ಹಾಕಬೇಡಿ. ಮುರಿದರೆ ಸಿಲಿಂಡರ್ ಹೆಡ್ ಇಳಿಸಬೇಕಾಗಬಹುದು. ಸ್ಟಾರ್ಟ್ ಆಗಲಿ ಎಂದು ಈಥರ್ ಸ್ಪ್ರೇ ಹೊಡೆಯುವುದೂ ಬೇಡ. ಕೆಂಪಗೆ ಕಾದ ಪ್ಲಗ್ ತಾಗಿ ಅದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ, ಪಿಸ್ಟನ್ ಒಡೆಯಬಹುದು.

ಶಾಖದ ಕಡೆ ತಪ್ಪು ಸಿಗದಿದ್ದರೆ ಡೀಸೆಲ್ ತಡವಾಗಿ ತಲುಪುತ್ತಿದೆಯೇ ಎಂದು ನೋಡಬೇಕು, ಆ ಪಾರದರ್ಶಕ ಪೈಪಿನ ಕೆಲಸ ಇಲ್ಲಿ. ರಾತ್ರಿ ನಿಂತ ಗಾಡಿಯಲ್ಲಿ ಡೀಸೆಲ್ ಲೈನಿನ ಯಾವುದೋ ಸಣ್ಣ ಸಂದಿಯಿಂದ ಗಾಳಿ ಸೇರಿ, ಡೀಸೆಲ್ ಟ್ಯಾಂಕ್‌ಗೆ ವಾಪಸ್ ಇಳಿದುಬಿಡುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಯಾಕೆಂದರೆ ಅದು ಪಂಪ್ ಎಳೆಯುವ ಬದಿ. ಬೆಳಿಗ್ಗೆ ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿ ಸ್ಟಾರ್ಟ್ ಮಾಡಿ. ತಕ್ಷಣ ಹಿಡಿದರೆ ಕಾರಣ ಇದೇ. ಫಿಲ್ಟರ್‌ಗೂ ಇಂಜೆಕ್ಷನ್ ಪಂಪ್‌ಗೂ ನಡುವೆ ಡೀಸೆಲ್ ತಡೆಯುವ ಪಾರದರ್ಶಕ ಪೈಪ್ ತುಂಡು ತಾತ್ಕಾಲಿಕವಾಗಿ ಸೇರಿಸಿ. ರಾತ್ರಿ ತುಂಬಿದ್ದ ಪೈಪು ಬೆಳಿಗ್ಗೆ ಅರ್ಧ ಖಾಲಿ, ಸೆಲ್ಫ್ ಹೊಡೆದರೆ ಗುಳ್ಳೆಗಳ ಸಾಲು. ಇಂಜೆಕ್ಟರ್‌ಗಳ ನಡುವಿನ ಪುಟ್ಟ ರಿಟರ್ನ್ ಪೈಪು, ಫಿಲ್ಟರ್ ಸೀಲ್, ಹ್ಯಾಂಡ್ ಪಂಪ್‌ನ ರಬ್ಬರ್, ಹಳೇ ಹೋಸ್ ಕ್ಲಿಪ್, ಕಳ್ಳ ಇವರಲ್ಲೇ ಇರುತ್ತಾನೆ. ನಾಲ್ಕು ಇಂಜೆಕ್ಟರ್‌ಗಳ ಮುಂದೆ ಇವುಗಳ ಖರ್ಚು ಏನೂ ಅಲ್ಲ.

ಅಲ್ಲಿಗೂ ಸಿಗದಿದ್ದರೆ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು, ನೋಡಿ. ವಾಲ್ವ್ ತನ್ನ ಸೀಟ್‌ನಲ್ಲಿ ಸವೆದು ಒಳಗೆ ಕೂತಂತೆ ಟ್ಯಾಪೆಟ್ ಸಂದು ಕಿರಿದಾಗುತ್ತದೆ, ಸದ್ದೂ ಬರುವುದಿಲ್ಲ. ಸಂದು ಪೂರ್ತಿ ಹೋದರೆ ವಾಲ್ವ್ ಸರಿಯಾಗಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಸಂದು ಅಳೆಯುವ ಫೀಲರ್ ಗೇಜ್ ಹಿಡಿದು ಮ್ಯಾನುಯಲ್ ಹೇಳಿದ ಅಂಕಿಗೆ ಹೊಂದಿಸುವುದು ಅರ್ಧ ದಿನದ ಕೆಲಸ, ನೀವು ಮಾಡಬಲ್ಲಿರಿ. ಕಂಪ್ರೆಷನ್ ಅಳೆಯುವುದು ಕೊನೆಗೆ. ಅದಕ್ಕೆ ಡೀಸೆಲ್‌ನದೇ ಗೇಜ್ ಬೇಕು, ಪೆಟ್ರೋಲ್ ಎಂಜಿನ್‌ನದು ಅಷ್ಟು ಒತ್ತಡ ತಡೆಯುವುದಿಲ್ಲ.

ಈ ಕೆಲಸದಲ್ಲೆಲ್ಲ ಇಂಜೆಕ್ಟರ್‌ನ ಉಕ್ಕಿನ ಪೈಪ್ ಸೋರುತ್ತಿದೆಯೇ ಎಂದು ಬೆರಳಿಟ್ಟು ನೋಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ವಿಷಯ ಅದು. ರಟ್ಟಿನ ತುಂಡು ಹಿಡಿದು ನೋಡಿ. ಕಾಮನ್ ರೇಲ್ ಎಂಜಿನ್ (ಕಂಪ್ಯೂಟರ್ ನಿಯಂತ್ರಣದ ಹೊಸ ಬಗೆಯ ಡೀಸೆಲ್ ಎಂಜಿನ್) ಇರುವವರು ಓಡುವ ಎಂಜಿನ್‌ನ ಆ ಪೈಪುಗಳ ನಟ್ ಸಡಿಲಿಸಲೇಬಾರದು.

ಉಳಿದದ್ದು ಬಿಡುವಿನ ದಿನಗಳ ಕೆಲಸ. ದಾಖಲೆ ಇಲ್ಲದ ಗಾಡಿಯಲ್ಲಿ ಎಲ್ಲ ಎಣ್ಣೆಯನ್ನೂ ಒಮ್ಮೆ ಬದಲಿಸಿ, ತಾರೀಖು ಮತ್ತು ಕಿ.ಮೀ. ಒಂದು ಪುಸ್ತಕದಲ್ಲಿ ಬರೆದಿಡಿ. ಗೇರ್‌ಬಾಕ್ಸ್, ಡಿಫರೆನ್ಶಿಯಲ್ ಎಣ್ಣೆ ಇಳಿಸುವಾಗ ಮೊದಲು ತುಂಬುವ ಬೋಲ್ಟ್ ಬಿಚ್ಚಿ. ಇಳಿಸುವ ಬೋಲ್ಟ್ ಮೊದಲು ಬಿಚ್ಚಿ, ತುಂಬುವುದು ಬಿಗಿಯಾಗಿ ಕೂತಿದ್ದರೆ ಎಣ್ಣೆ ಇಲ್ಲದ ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಗೇರ್‌ಬಾಕ್ಸ್‌ಗೆ ಜಿಎಲ್-4 ದರ್ಜೆಯ ಎಣ್ಣೆ ಎಂದು ಮ್ಯಾನುಯಲ್‌ನಲ್ಲಿದ್ದರೆ ಜಿಎಲ್-5 ಹಾಕಬೇಡಿ, ಅದರ ರಾಸಾಯನಿಕ ಹಿತ್ತಾಳೆಯ ಸಿಂಕ್ರೋ ರಿಂಗ್‌ಗಳನ್ನು ತಿನ್ನಬಹುದು. ಡಿಫರೆನ್ಶಿಯಲ್‌ಗೆ ಹೆಚ್ಚಾಗಿ ಜಿಎಲ್-5 ಬೇಕು.

ಗ್ರೀಸ್ ಗನ್ ಹಿಡಿದು ಗಾಡಿಯಡಿ ಹೋದಾಗ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್‌ನ ಕ್ರಾಸ್ (ತುದಿಯ ಬಾಗುವ ಕೀಲು) ನೋಡಿ. ಬಟ್ಟಲಿನ ಸುತ್ತ ಕೆಂಪು ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಒಣಗಿ ತುಕ್ಕಾಗಿದೆ. ಮುಂದಕ್ಕೂ ರಿವರ್ಸ್‌ಗೂ ಗೇರ್ ಬದಲಿಸುವಾಗ ಬರುವ ಟಕ್ ಸದ್ದು ಇದರದೇ ಇರಬಹುದು. ಶಾಫ್ಟ್ ಇಳಿಸುವ ಮೊದಲು ಎರಡೂ ತುದಿಯ ಫ್ಲ್ಯಾಂಜ್‌ಗೂ ಜಾರುವ ಜಾಯಿಂಟ್‌ಗೂ ಬಣ್ಣದ ಗೆರೆ ಎಳೆಯಿರಿ. ಒಂದು ಹಲ್ಲು ಆಚೀಚೆ ಕೂತರೂ ಗಾಡಿ ಅದುರುತ್ತದೆ. ಲೀಫ್ ಸ್ಪ್ರಿಂಗ್‌ನ ಯು ಬೋಲ್ಟ್ ಬಿಚ್ಚಿದರೆ ಹೊಸದೇ ಹಾಕಿ, ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿಮಾಡಿ. ರಬ್ಬರ್ ಬುಶ್‌ನ ಬೋಲ್ಟನ್ನು ಗಾಡಿಯ ಭಾರ ಗಾಲಿಗಳ ಮೇಲೆ ಕೂತ ಮೇಲೆ ಬಿಗಿಮಾಡಬೇಕು, ಗಾಳಿಯಲ್ಲಿ ತೂಗುವಾಗ ಬಿಗಿಮಾಡಿದರೆ ರಬ್ಬರ್ ತಿರುಚಿ ಬೇಗ ಹರಿಯುತ್ತದೆ. ಟೈರ್‌ನ ಪಕ್ಕದ ನಾಲ್ಕು ಅಂಕಿ ಓದಿ: 2318 ಎಂದರೆ 2018ರ 23ನೇ ವಾರ ತಯಾರಾದದ್ದು. ಮೇಲ್ಮೈಯ ಗೆರೆಗಳು ಇನ್ನೂ ಆಳವಿದ್ದರೂ ಹತ್ತು ವರ್ಷ ದಾಟಿದ ಟೈರ್ ಮೇಲೆ ಲೋಡ್ ಹಾಕಬೇಡಿ.

ಹೊರಗೆ ಮಾಡಿಸಬೇಕಾದದ್ದು ಇಷ್ಟು: ಚಾಸಿ ವೆಲ್ಡಿಂಗ್, ಇಂಜೆಕ್ಷನ್ ಪಂಪ್, ಹೆಡ್ ಸಮ ಮಾಡಿಸುವುದು, ಎಸಿ ಗ್ಯಾಸ್, ಮತ್ತು ಇಂಜೆಕ್ಟರ್ ಪರೀಕ್ಷೆ. ನಾಲ್ಕು ಇಂಜೆಕ್ಟರ್ ಈಗಲೇ ಕೊಳ್ಳಬೇಡಿ. ದಿನವಿಡೀ ಸಲೀಸಾಗಿ ಓಡುವ, ಬೆಳಿಗ್ಗೆ ಮಾತ್ರ ಹಟ ಮಾಡುವ ಎಂಜಿನ್‌ನಲ್ಲಿ ನಾಲ್ಕೂ ಒಟ್ಟಿಗೆ ಕೆಟ್ಟಿರುವುದು ಅಪರೂಪ. ಮೇಲಿನ ಪರೀಕ್ಷೆಗಳೆಲ್ಲ ಮುಗಿದು, ಅನುಮಾನ ಅಲ್ಲೇ ಉಳಿದರೆ ಇಂಜೆಕ್ಟರ್ ಬಿಚ್ಚಿ, ಯಾವುದು ಯಾವ ಸಿಲಿಂಡರ್‌ನದು ಎಂದು ಚೀಟಿ ಕಟ್ಟಿ, ಟೆಸ್ಟ್ ಬೆಂಚ್ ಮೇಲೆ ಹಾಕಿಸಿ. ಎಷ್ಟು ಒತ್ತಡಕ್ಕೆ ತೆರೆಯುತ್ತದೆ, ಮಂಜಿನ ಹಾಗೆ ಚಿಮ್ಮುತ್ತದೆಯೇ, ತುದಿಯಲ್ಲಿ ಹನಿ ನಿಲ್ಲುತ್ತದೆಯೇ ಎಂದು ನೀವೇ ನಿಂತು ನೋಡಿ. ಹನಿ ನಿಲ್ಲುವ ಇಂಜೆಕ್ಟರ್‌ಗೆ ನಾಝಲ್ ಮಾತ್ರ ಬದಲಿಸಿದರೂ ಎಷ್ಟೋ ಸಲ ಸಾಕು. ವಾಪಸ್ ಕೂರಿಸುವಾಗ ಅಡಿಯ ತಾಮ್ರದ ವಾಷರ್ ನಾಲ್ಕಕ್ಕೂ ಹೊಸದು ಹಾಕಿ.